ಜನ ಕಡಿಮೆಯಾದ ಮಲೆನಾಡಿನಲ್ಲಿ ಹೊರೆ ಏಕೆ ಇಳಿಯಲಿಲ್ಲ?

2001 ಮತ್ತು 2011ರ ಜನಗಣತಿಗಳ ನಡುವೆ ಕರ್ನಾಟಕದ ಜನಸಂಖ್ಯೆ ಶೇ 15.6ರಷ್ಟು ಏರಿತು. ಅದೇ ಹತ್ತು ವರ್ಷಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಸ್ವಲ್ಪ ಇಳಿಯಿತು, 11.41 ಲಕ್ಷ ಇದ್ದದ್ದು 11.38 ಲಕ್ಷವಾಯಿತು. ಕೊಡಗಿನ ಹೆಚ್ಚಳ ಶೇ 1ರ ಆಸುಪಾಸಿನಲ್ಲೇ ನಿಂತಿತು. ಶಿವಮೊಗ್ಗ, ಭದ್ರಾವತಿಯಂಥ ನಗರಗಳನ್ನು ಸೇರಿಸಿಕೊಂಡೂ ಶಿವಮೊಗ್ಗ ಜಿಲ್ಲೆ ಶೇ 7 ದಾಟಲಿಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ, ಆದರೆ ಊರಿನಲ್ಲಿರುವವರಿಗೆ ಗಣತಿಯ ಅಗತ್ಯವೇನೂ ಇಲ್ಲ. ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಒಳಹಳ್ಳಿಗಳಲ್ಲಿ ಹಿಂದೆ ಎಂಟು ಹತ್ತು ಮಂದಿ ಇದ್ದ ಮನೆಗಳಲ್ಲಿ ಈಗ ವಯಸ್ಸಾದ ಇಬ್ಬರಿದ್ದಾರೆ. ಮಕ್ಕಳಿಲ್ಲದೆ ಶಾಲೆಗಳು ಮುಚ್ಚಿವೆ. ಅಡಿಕೆ ಸುಗ್ಗಿಯಲ್ಲಿ ಗೊನೆ ಇಳಿಸಲು ಜನ ಸಿಗುವುದಿಲ್ಲ.

ಹೀಗಿದ್ದರೂ ಮಳೆ ಹದ ತಪ್ಪಿದಾಗ, ಗುಡ್ಡ ಜರಿದಾಗ, ತೋಟಕ್ಕೆ ಎಲೆಚುಕ್ಕಿ ರೋಗ ಬಂದಾಗ ಇಲ್ಲಿನ ಹೋಟೆಲು, ಬಸ್‌ಸ್ಟ್ಯಾಂಡುಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಜನ ಜಾಸ್ತಿ ಆದ್ರು ಮಾರಾಯ್ರೆ, ಭೂಮಿ ಎಷ್ಟು ಅಂತ ತಡ್ಕೊಳತ್ತೆ?" ಈ ಮಾತನ್ನು ಯಾರೂ ಕೆಟ್ಟ ಮನಸ್ಸಿನಿಂದ ಆಡುವುದಿಲ್ಲ. ಶಾಲೆಯ ಪಾಠದಲ್ಲಿ, ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಗೋಡೆಬರಹಗಳಲ್ಲಿ ನಾವೆಲ್ಲ ಅದನ್ನೇ ಓದಿಕೊಂಡು ಬೆಳೆದವರು. ಆದರೆ ನಮ್ಮ ಕಣ್ಣೆದುರಿನ ಊರಿಗೇ ಈ ಮಾತು ಹೊಂದುವುದಿಲ್ಲ. ಜನ ಕಡಿಮೆಯಾಗುತ್ತಿರುವ ಸೀಮೆಯಲ್ಲಿ ಕಾಡು, ನೀರು, ಮಣ್ಣಿನ ಮೇಲಿನ ಹೊರೆ ಏಕೆ ಏರುತ್ತಲೇ ಇದೆ? ಹವಾಮಾನ ಕೆಟ್ಟದ್ದಕ್ಕೆ ಹೊಣೆ ಜನಸಂಖ್ಯೆಯೋ ಅತಿಬಳಕೆಯೋ ಎಂಬ ದೊಡ್ಡ ವಾದಕ್ಕೆ ಇಳಿಯುವ ಮುನ್ನ ಈ ಪ್ರಶ್ನೆಯನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಗುಣಾಕಾರದ ಲೆಕ್ಕ

1950ರಲ್ಲಿ ಭೂಮಿಯ ಮೇಲೆ ಸುಮಾರು 250 ಕೋಟಿ ಜನರಿದ್ದರು. 2022ರ ನವೆಂಬರಿನಲ್ಲಿ ಆ ಸಂಖ್ಯೆ 800 ಕೋಟಿ ಮುಟ್ಟಿತು. ಅಂದರೆ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಇದೇ ಅವಧಿಯಲ್ಲಿ ಕಲ್ಲಿದ್ದಲು, ತೈಲ, ಅನಿಲ, ಸಿಮೆಂಟಿನಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 600 ಕೋಟಿ ಟನ್ನಿನಿಂದ 3,700 ಕೋಟಿ ಟನ್ನಿಗೆ, ಆರು ಪಟ್ಟು ಏರಿತು. ಜನ ಮೂರು ಪಟ್ಟಾದರು, ಒಬ್ಬೊಬ್ಬರ ಪಾಲಿನ ಹೊಗೆ ಎರಡು ಪಟ್ಟಾಯಿತು, ಗುಣಿಸಿದರೆ ಆರು. ಮೇಲ್ನೋಟಕ್ಕೆ ಜನಸಂಖ್ಯೆಯ ಪಾಲೇ ದೊಡ್ಡದು ಎನಿಸುತ್ತದೆ.

1970ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿಗಳಾದ ಪಾಲ್ ಎರ್ಲಿಕ್ ಮತ್ತು ಜಾನ್ ಹೋಲ್ಡ್ರೆನ್ ಈ ಯೋಚನೆಯನ್ನು ಸೂತ್ರವಾಗಿಸಿದರು. ಪರಿಸರದ ಮೇಲೆ ಬೀಳುವ ಹೊರೆ ಎಂದರೆ ಜನಸಂಖ್ಯೆ, ತಲಾ ಬಳಕೆ, ತಂತ್ರಜ್ಞಾನ ಈ ಮೂರರ ಗುಣಲಬ್ಧ ಎಂದು ಅದು ಹೇಳುತ್ತದೆ. ಅಲ್ಲಿನದೇ ಜೀವವಿಜ್ಞಾನಿ ಬ್ಯಾರಿ ಕಾಮನರ್ ಆಗಲೇ ಇದಕ್ಕೆ ತಕರಾರು ತೆಗೆದರು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಮಾಲಿನ್ಯ ಏರಲು ಮುಖ್ಯ ಕಾರಣ ಉತ್ಪಾದನೆಯ ವಿಧಾನವೇ ಬದಲಾದದ್ದು, ಜನ ಹೆಚ್ಚಾದದ್ದಲ್ಲ ಎಂಬುದು ಅವರ ವಾದವಾಗಿತ್ತು. ಐವತ್ತು ವರ್ಷ ಕಳೆದರೂ ಆ ಜಗಳ ತೀರಿಲ್ಲ. ತೀರದಿರುವುದಕ್ಕೆ ಕಾರಣವೂ ಇದೆ: ಗುಣಾಕಾರದಲ್ಲಿ ಇಂಥದ್ದರ ಪಾಲು ಇಷ್ಟು ಎಂದು ಒಡೆದು ಹೇಳಲು ಬರುವುದಿಲ್ಲ. ಒಂದು ಎಕರೆ ತೋಟದಲ್ಲಿ ಉದ್ದದ ಪಾಲೆಷ್ಟು, ಅಗಲದ ಪಾಲೆಷ್ಟು ಎಂದು ಕೇಳಿದರೆ ಏನು ಉತ್ತರ ಕೊಡುವುದು? ಯಾವ ಊರಿನಲ್ಲಿ ಯಾವುದು ಬೆಳೆಯುತ್ತಿದೆ, ಅದರಲ್ಲಿ ಯಾವುದನ್ನು ಈಗಲೇ ತಗ್ಗಿಸಲು ಸಾಧ್ಯ ಎಂದು ಕೇಳಿದರೆ ಮಾತ್ರ ಉತ್ತರಕ್ಕೆ ದಾರಿಯಿದೆ.

ಹಾಗೆ ಕೇಳಿದ ಕೂಡಲೇ ಚಿತ್ರ ಬದಲಾಗುತ್ತದೆ. ಜಗತ್ತಿನ ಸರಾಸರಿ ಹಿಡಿದರೆ ಒಬ್ಬರ ತಲೆಗೆ ವರ್ಷಕ್ಕೆ ಸುಮಾರು 4.7 ಟನ್ ಇಂಗಾಲದ ಡೈಆಕ್ಸೈಡ್. ಸೂತ್ರಕ್ಕೆ ಈ ಸರಾಸರಿಯನ್ನು ತುಂಬಿದರೆ ಎಲ್ಲೇ ಹುಟ್ಟಿದ ಮಗುವೂ ಅಷ್ಟು ಹೊಗೆ ಹೊತ್ತೇ ಹುಟ್ಟಿದಂತೆ ಲೆಕ್ಕವಾಗುತ್ತದೆ. ನಿಜ ಹಾಗಿಲ್ಲ. ಜನಸಂಖ್ಯೆ ಅತಿ ವೇಗವಾಗಿ ಬೆಳೆಯುತ್ತಿರುವ ದೇಶಗಳಲ್ಲಿ ಒಂದಾದ ಆಫ್ರಿಕಾದ ನೈಜರ್‌ನಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಆರರ ಆಸುಪಾಸು ಮಕ್ಕಳು. ಅಲ್ಲಿ ಒಬ್ಬರ ಹೊಗೆ ವರ್ಷಕ್ಕೆ 0.1 ಟನ್ ಮಾತ್ರ. ಅಮೆರಿಕದಲ್ಲಿ ಮಕ್ಕಳು ಸರಾಸರಿ ಎರಡಕ್ಕಿಂತ ಕಡಿಮೆ, ಹೊಗೆ 14 ಟನ್ನಿಗೂ ಹೆಚ್ಚು. ಭಾರತದ್ದು ಸುಮಾರು 2 ಟನ್. ಜನ ಬೆಳೆಯುವಲ್ಲಿ ಹೊಗೆಯಿಲ್ಲ, ಹೊಗೆ ಇರುವಲ್ಲಿ ಜನ ಬೆಳೆಯುತ್ತಿಲ್ಲ. ಇವೆರಡನ್ನೂ ಕಲಸಿ ಸರಾಸರಿ ತೆಗೆದಾಗ ನೈಜರ್‌ನ ತಾಯಿ ಆರೋಪಿಯ ಸ್ಥಾನಕ್ಕೆ ಬಂದು ನಿಲ್ಲುತ್ತಾಳೆ.

ದೇಶಗಳ ಒಳಗಿನ ಅಂತರ ಇನ್ನೂ ಕಣ್ಣು ತೆರೆಸುವಂಥದ್ದು. 2022ರ ವಿಶ್ವ ಅಸಮಾನತೆ ವರದಿಯ ಪ್ರಕಾರ ಭಾರತದ ಕೆಳ ಅರ್ಧದಷ್ಟು ಜನ ತಲೆಗೆ ಸುಮಾರು 1 ಟನ್ ಹಸಿರುಮನೆ ಅನಿಲಕ್ಕೆ ಕಾರಣರು, ಮೇಲಿನ ಹತ್ತನೇ ಒಂದು ಭಾಗ ಸುಮಾರು 9 ಟನ್ನಿಗೆ. ಅಮೆರಿಕದ ಕೆಳ ಅರ್ಧದ ಜನರ ಸರಾಸರಿಯೇ 10 ಟನ್ನಿನ ಹತ್ತಿರ. ನಮ್ಮ ಶ್ರೀಮಂತರಿಗಿಂತ ಅವರ ಬಡವರ ಹೊಗೆ ಒಂದು ಕೈ ಮೇಲೆ. ಜಗತ್ತನ್ನೇ ಒಂದು ಊರೆಂದುಕೊಂಡರೆ 2019ರ ಹೊಗೆಯಲ್ಲಿ ಅರ್ಧದಷ್ಟು ಮೇಲಿನ ಶೇ 10ರಷ್ಟು ಜನರದ್ದು ಎಂದು ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫಾಮ್ ಸಂಸ್ಥೆ ಲೆಕ್ಕ ಹಾಕಿದೆ. ಇಂಗಾಲದ ಡೈಆಕ್ಸೈಡ್ ನೂರಾರು ವರ್ಷ ಗಾಳಿಯಲ್ಲೇ ಉಳಿಯುವುದರಿಂದ ಹಳೆಯ ಹೊಗೆಯನ್ನೂ ಕೂಡಿಸಬೇಕು. ಹಾಗೆ ಕೂಡಿಸಿದರೆ ಅಮೆರಿಕವೊಂದರದೇ ಕಾಲು ಭಾಗ. ಜಗತ್ತಿನ ಆರನೇ ಒಂದಕ್ಕೂ ಹೆಚ್ಚು ಜನರಿರುವ ಭಾರತದ್ದು ಶೇ 4ಕ್ಕಿಂತ ಕಡಿಮೆ.

ಈ ಅಂಕಿಗಳನ್ನು ನಮ್ಮ ಊರಿನ ಅಳತೆಗೆ ತಂದು ನೋಡೋಣ. ತೋಟದ ಕೆಲಸಕ್ಕೆ ಹೋಗುವ ನಾಲ್ಕು ಜನರ ಒಂದು ಮನೆ. ವರ್ಷಕ್ಕೆ ಆರು ಸಿಲಿಂಡರ್ ಗ್ಯಾಸು, ತಿಂಗಳಿಗೆ 50 ಯೂನಿಟ್ ಕರೆಂಟು. ಸಿಲಿಂಡರಿಗೆ ಸುಮಾರು 42 ಕೆ.ಜಿ., ಯೂನಿಟ್ಟಿಗೆ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ಮನೆಗೆ ವರ್ಷಕ್ಕೆ 670 ಕೆ.ಜಿ., ತಲೆಗೆ ಹತ್ತಿರ ಹತ್ತಿರ 170 ಕೆ.ಜಿ. ಊಟ, ಬಟ್ಟೆ, ಬಸ್ಸಿನ ಓಡಾಟ ಇದರಲ್ಲಿ ಸೇರಿಲ್ಲ, ಸೇರಿಸಿದರೂ ಒಂದು ಟನ್ ದಾಟುವುದು ಕಷ್ಟ. ಬೆಂಗಳೂರಿನಿಂದ ಕಾರಿನಲ್ಲಿ ಜೋಗಕ್ಕೆ ಬಂದು ಹೋಗಲು ಸುಮಾರು 800 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರು 120 ಕೆ.ಜಿ. ಉಗುಳುತ್ತದೆ. ನಾಲ್ವರಿದ್ದರೆ ತಲೆಗೆ 30, ಒಬ್ಬರೇ ಬಂದರೆ ಅಷ್ಟೂ ಒಬ್ಬರದ್ದೇ. ಅಮೆರಿಕದ ಪಶ್ಚಿಮ ಕರಾವಳಿಗೆ ವಿಮಾನದಲ್ಲಿ ಹೋಗಿಬಂದರೆ ಒಬ್ಬರ ಪಾಲಿಗೆ ಎರಡು ಟನ್ನಿಗೂ ಹೆಚ್ಚು. ಮಗಳ ಬಾಣಂತನಕ್ಕೆಂದು ಸಾಗರದಿಂದಲೋ ಶೃಂಗೇರಿಯಿಂದಲೋ ಒಮ್ಮೆ ಹೋಗಿಬಂದ ತಾಯಿಯ ಲೆಕ್ಕಕ್ಕೆ, ತೋಟದ ಕೆಲಸದ ಆ ಮನೆಯ ಹೆಂಗಸಿನ ಹತ್ತು ವರ್ಷಕ್ಕೂ ಹೆಚ್ಚಿನ ಗ್ಯಾಸು, ಕರೆಂಟಿನ ಹೊಗೆ ಬಂದು ಸೇರುತ್ತದೆ. ಆ ತಾಯಿ ಹೋಗಬಾರದಿತ್ತು ಎಂದು ನಾನು ಹೇಳಲಾರೆ. ಮಕ್ಕಳೆಲ್ಲ ದೂರ ಹೋದ ಊರಿದು, ಆ ಪ್ರಯಾಣದ ಹಿಂದಿನ ಕರುಳು ನನಗೆ ಗೊತ್ತು. ಆದರೆ ಹೊಣೆಯ ಲೆಕ್ಕ ಬರೆಯುವಾಗ ಆ ಸಾಲನ್ನು ಬಿಟ್ಟು, ಮೂರು ಮಕ್ಕಳ ಕೂಲಿಯವಳತ್ತ ಬೆರಳು ತೋರಿಸುವುದು ಅನ್ಯಾಯ.

ಬಳಸಿದವರು ಒಂದು ಕಡೆ, ಹೊತ್ತವರು ಇನ್ನೊಂದು ಕಡೆ

ಮಲೆನಾಡಿಗೆ ಇದು ಹೊಸ ಪಾಠವೇನಲ್ಲ. ಬೇರೆಲ್ಲೋ ಆದ ಬಳಕೆಯ ಗುರುತು ಈ ನೆಲದ ಮೇಲೆ ಮೊದಲಿಂದಲೂ ಬಿದ್ದಿದೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಕುಲುಮೆಗೆ ಹಾಕಿದ್ದು ಸುತ್ತಲಿನ ಕಾಡಿನ ಇದ್ದಿಲು. ಅಲ್ಲಿನ ಕಾಗದದ ಕಾರ್ಖಾನೆಗಾಗಿ ಗುಡ್ಡಗಳಲ್ಲಿ ನೀಲಗಿರಿ, ಅಕೇಶಿಯಾ ಬಂದವು. ಕಾರ್ಖಾನೆ ನಿಂತು ಹೋದರೂ ಆ ನೆಡುತೋಪುಗಳು ಹೋಗಿಲ್ಲ. ಕುದುರೆಮುಖದ ಗಣಿಗಾರಿಕೆ ಶುರುವಾದದ್ದೇ ಇರಾನಿನ ಜೊತೆಗಿನ ಒಪ್ಪಂದದಿಂದ. 2005ರ ಕೊನೆಯಲ್ಲಿ ಅದು ನಿಲ್ಲುವವರೆಗೆ ಭದ್ರೆಯ ಮೂಲದ ಗುಡ್ಡದ ಅದಿರು ಹಡಗು ಹತ್ತಿ ದೂರದ ದೇಶಗಳಲ್ಲಿ ಉಕ್ಕಾಯಿತು. ಗುಡ್ಡ ಕರಗಿದ್ದಕ್ಕೂ ಪಕ್ಕದ ಕಳಸದ ಹೆರಿಗೆ ಪ್ರಮಾಣಕ್ಕೂ ಸಂಬಂಧವೇ ಇರಲಿಲ್ಲ.

ಶರಾವತಿಯ ಕಥೆ ಮಾತ್ರ ಸ್ವಲ್ಪ ನಿಂತು ಹೇಳಬೇಕಾದದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟೇ ಹೊಸ ಹಿನ್ನೀರಿನಲ್ಲಿ ಮುಳುಗಿತು. ಸಾಗರ, ಹೊಸನಗರ ಸೀಮೆಯ ಹಳ್ಳಿಗಳು, ಗದ್ದೆ ತೋಟಗಳು ಅದರ ಜೊತೆಗೇ ಹೋದವು. ಬಹುಕಾಲ ರಾಜ್ಯದ ವಿದ್ಯುತ್ತಿನ ಬಹುಪಾಲು ಈ ಕಣಿವೆಯಿಂದಲೇ ಬಂದದ್ದು. ಹಿನ್ನೀರಿನ ಆಚೆ ಉಳಿದ ತುಮರಿ ಭಾಗದ ಊರುಗಳಿಗೆ ಕರೆಂಟು ಮುಟ್ಟಲು ದಶಕಗಳು ಹಿಡಿದವು, ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಲಾಂಚೇ ಗತಿ. ಮುಳುಗಡೆಯಾಗಿ ಬಂದವರಲ್ಲಿ ಎಷ್ಟೋ ಕುಟುಂಬಗಳು ಇವತ್ತಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಓಡಾಡುತ್ತಿವೆ.

ಈಗ ಅದೇ ಕಣಿವೆಗೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬರಲಿದೆ. ಕರೆಂಟು ಮಿಗುವ ಹೊತ್ತಿನಲ್ಲಿ ಗೇರುಸೊಪ್ಪೆಯ ಜಲಾಶಯದಿಂದ ತಳಕಳಲೆಗೆ ನೀರು ಏರಿಸುವುದು, ಬೇಡಿಕೆ ಏರಿದಾಗ ಅದೇ ನೀರನ್ನು ಇಳಿಸಿ ವಿದ್ಯುತ್ ತೆಗೆಯುವುದು. ಏರಿಸಲು ಬೇಕಾಗುವಷ್ಟು ಕರೆಂಟು ಇಳಿಸುವಾಗ ಹಿಂದಿರುಗುವುದಿಲ್ಲ; ಐದನೇ ಒಂದು ಭಾಗದಷ್ಟು ನಷ್ಟವಾಗುವುದು ಇಂಥ ಎಲ್ಲ ಯೋಜನೆಗಳಲ್ಲೂ ಸಾಮಾನ್ಯ. ಸೌರ, ಪವನ ವಿದ್ಯುತ್ತನ್ನು ಕೂಡಿಡಲು ಒಂದು ದಾರಿ ಬೇಕು ಎಂಬುದು ನಿಜ. ಕಲ್ಲಿದ್ದಲು ಬಿಡಬೇಕೆನ್ನುವ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಈ ಕೆಲಸ ನಡೆಯುವುದು ಸಿಂಗಳೀಕಗಳ ಅಭಯಾರಣ್ಯದೊಳಗೆ. ಸಂಜೆಯ ಹೊತ್ತು ಏರುವ ಬೇಡಿಕೆಯಲ್ಲಿ ಹತ್ತಿರದ ಕಾರ್ಗಲ್ಲಿನ ಮನೆಗಳ ಪಾಲೆಷ್ಟು, ನಗರದ ಏರ್ ಕಂಡೀಷನರ್, ಮಾಲ್, ಬೆಳಕಿನ ಫಲಕಗಳ ಪಾಲೆಷ್ಟು ಎಂಬ ಪ್ರಶ್ನೆ ಯೋಜನೆಯ ಚರ್ಚೆಯಲ್ಲಿ ಬರುವುದೇ ಇಲ್ಲ. "ಬೇಡಿಕೆ ಹೆಚ್ಚುತ್ತಿದೆ" ಎಂದಷ್ಟೇ ಬರೆದಾಗ ಆ ಬೇಡಿಕೆಗೆ ಯಾರ ಹೆಸರೂ ಇರುವುದಿಲ್ಲ, ಮುಳುಗುವ ಊರಿಗೆ ಮಾತ್ರ ಹೆಸರಿರುತ್ತದೆ.

ನಮ್ಮ ಮನೆಯ ಲೆಕ್ಕ

ಇದೆಲ್ಲ ಹೊರಗಿನವರದ್ದೇ ತಪ್ಪು ಎಂದು ಕೈ ತೊಳೆದುಕೊಳ್ಳಲು ಬರುವುದಿಲ್ಲ. ಊರಿನಲ್ಲಿ ಜನ ಕಡಿಮೆಯಾಗುವಾಗ ಮನೆಗಳು ಹೆಚ್ಚಿದವು. ಹಿಂದೆ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದ ಹತ್ತು ಜನರ ಕುಟುಂಬ ಈಗ ಹಳ್ಳಿಯಲ್ಲೊಂದು, ಶಿವಮೊಗ್ಗದಲ್ಲೊಂದು, ಬೆಂಗಳೂರಿನಲ್ಲಿ ಎರಡು ಮನೆಯಾಗಿದೆ. ಫ್ರಿಜ್ಜು ನಾಲ್ಕು, ಗೀಸರು ನಾಲ್ಕು, ಕಾರು ಮೂರೋ ನಾಲ್ಕೋ. ಜನಗಣತಿಯ ಪಟ್ಟಿಯಲ್ಲಿ ಕುಟುಂಬ ಚಿಕ್ಕದಾಗಿದೆ, ಬಳಕೆಯ ಪಟ್ಟಿಯಲ್ಲಿ ದೊಡ್ಡದಾಗಿದೆ. ತಲೆ ಎಣಿಸುವ ಲೆಕ್ಕಕ್ಕೆ ಈ ಬದಲಾವಣೆ ಕಾಣುವುದೇ ಇಲ್ಲ.

ಮನೆ ಕಟ್ಟುವ ಬಗೆಯನ್ನೇ ನೋಡಿ. ಜಂಬಿಟ್ಟಿಗೆ ಅಥವಾ ಮಣ್ಣಿನ ಗೋಡೆ, ಮರದ ಜಂತಿ, ಹೆಂಚಿನ ಮಾಡು ಇದ್ದ ಕಡೆ ತಾರಸಿ ಬಂದಿದೆ. 1,500 ಚದರಡಿಯ ತಾರಸಿ ಮನೆಗೆ 600 ಚೀಲ, ಅಂದರೆ 30 ಟನ್ ಸಿಮೆಂಟು ಬೇಕೆಂಬುದು ಮೇಸ್ತ್ರಿಗಳ ಅಂದಾಜು. ಟನ್ ಸಿಮೆಂಟಿಗೆ 600 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದರೂ ಮನೆಯ ಸಿಮೆಂಟೊಂದರಿಂದಲೇ 18 ಟನ್. ಅಷ್ಟು ಮಾಡಿಯೂ ನಮ್ಮ ಮಳೆಗೆ ತಾರಸಿ ಸೋರುತ್ತದೆಂದು ಅದರ ಮೇಲೆ ಇನ್ನೊಂದು ತಗಡಿನ ಮಾಡು ಹೊದೆಸುತ್ತೇವೆ.

ಅಡಿಕೆಯ ವಿಷಯ ಬರೆಯಲು ಕಷ್ಟವಾಗುತ್ತದೆ, ಏಕೆಂದರೆ ಸಾವಿರಾರು ಸಣ್ಣ ಹಿಡುವಳಿದಾರರ ಅನ್ನ ಅದರಲ್ಲಿದೆ. ಆದರೂ ಹೇಳಬೇಕು. ಗದ್ದೆಗಳು ತೋಟವಾದದ್ದು, ಕಾನು, ಬೆಟ್ಟದ ಅಂಚಿಗೂ ಅಡಿಕೆ ಏರಿದ್ದು ಇಲ್ಲಿ ಬಾಯಿಗಳು ಹೆಚ್ಚಾದದ್ದರಿಂದಲ್ಲ. ಉತ್ತರ ಭಾರತದ ಪಾನ್ ಮಸಾಲಾ, ಗುಟ್ಕಾ ಮಾರುಕಟ್ಟೆ ಕೊಟ್ಟ ಧಾರಣೆಯಿಂದ. ಮಳೆನೀರು ತಿಂಗಳುಗಟ್ಟಲೆ ನಿಂತು ಇಂಗುತ್ತಿದ್ದ ಗದ್ದೆಬಯಲು ಹೋಗಿ, ಬೇಸಿಗೆಯಲ್ಲಿ ನೀರು ಬೇಡುವ ತೋಟ ಬಂತು. ಬೋರ್‌ವೆಲ್ ಎಂದರೆ ಬಯಲುಸೀಮೆಯದ್ದು ಎಂದುಕೊಂಡಿದ್ದ ಊರುಗಳಲ್ಲೂ ಈಗ ಅದರ ಸದ್ದಿದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 220ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು.

ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡುವ ತೇವ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹಾಗಾಗಿಯೇ ಒಮ್ಮೆ ವಾರಗಟ್ಟಲೆ ಒಣಗು, ಮತ್ತೊಮ್ಮೆ ಒಂದೇ ದಿನಕ್ಕೆ ಸುರಿದು ಗುಡ್ಡವನ್ನೇ ಕೆಡವುವ ಮಳೆ. 2018, 2019ರ ಕೊಡಗು, 2024ರ ವಯನಾಡು ನೆನಪಿದೆಯಲ್ಲ. ವಯನಾಡಿನ ಮಳೆಯನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು ಭೂಮಿ ಬಿಸಿಯಾಗಿದ್ದರಿಂದ ಅದರ ಬಿರುಸು ಸುಮಾರು ಶೇ 10ರಷ್ಟು ಹೆಚ್ಚಿತ್ತು ಎಂದರು. ಅಂದು ಮಣ್ಣಿನಡಿ ಹೋದವರಲ್ಲಿ ಹೆಚ್ಚಿನವರು ಸಣ್ಣ ಮನೆಗಳ ದುಡಿಯುವ ಜನ.

ಜನಸಂಖ್ಯೆಯ ಮಾತು ಪೂರ್ತಿ ಸುಳ್ಳೇ?

ಸುಳ್ಳಲ್ಲ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿಯ 2022ರ ವರದಿ ಹಿಂದಿನ ದಶಕದ ಹೊಗೆಯನ್ನು ಏರಿಸಿದ ಎರಡು ದೊಡ್ಡ ಕಾರಣಗಳಾಗಿ ತಲಾ ಆದಾಯದ ಏರಿಕೆಯನ್ನೂ ಜನಸಂಖ್ಯೆಯ ಏರಿಕೆಯನ್ನೂ ಹೆಸರಿಸುತ್ತದೆ. ಮೊದಲನೆಯದರ ಕೊಡುಗೆ ವರ್ಷಕ್ಕೆ ಶೇ 2.3, ಎರಡನೆಯದರದ್ದು ಶೇ 1.2. ಇಂದಿನ ಬಡವರು ನಾಳೆಯೂ ಬಡವರಾಗಿಯೇ ಇರಲಿ ಎಂದು ಬಯಸಲಾಗದು. ಅವರ ಬದುಕು ಸುಧಾರಿಸಿದಾಗ ಬಳಕೆಯೂ ಏರುತ್ತದೆ, ಆಗ ಸಂಖ್ಯೆಗೂ ಬೆಲೆ ಬರುತ್ತದೆ. ಕುಡಿಯುವ ನೀರು, ಇಳಿಜಾರಿನಲ್ಲಿ ಕಟ್ಟುವ ಮನೆ, ಕಸ ಇಂಥ ಸ್ಥಳೀಯ ವಿಷಯಗಳಲ್ಲಂತೂ ಜನ ಎಷ್ಟಿದ್ದಾರೆ ಎನ್ನುವುದು ಇವತ್ತೇ ಮುಖ್ಯ.

ಆದರೆ ಜನಸಂಖ್ಯೆಯ ವಿಷಯದಲ್ಲಿ ಮಾಡಬೇಕಾದದ್ದು ಬಹುತೇಕ ಆಗಿಹೋಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳ ಸಂಖ್ಯೆ, 2.0, ಕರ್ನಾಟಕದ್ದು 1.7. ಜನಸಂಖ್ಯೆ ಸ್ಥಿರವಾಗಿರಲು 2.1 ಬೇಕು. ಆದರೂ ದೇಶದ ಜನಸಂಖ್ಯೆ 2060ರ ದಶಕದವರೆಗೆ ಏರುತ್ತದೆ ಎಂದು ವಿಶ್ವಸಂಸ್ಥೆ ಅಂದಾಜಿಸುತ್ತದೆ, ಏಕೆಂದರೆ ಮಕ್ಕಳನ್ನು ಹೆರುವ ವಯಸ್ಸಿನವರು ಈಗಾಗಲೇ ಹುಟ್ಟಿ ಬೆಳೆದಿದ್ದಾರೆ. ಇಂದು ಎಂಥ ಬಿಗಿ ಕಾನೂನು ತಂದರೂ ಅದರ ಫಲ ಕಾಣಲು ಎರಡು ಮೂರು ತಲೆಮಾರು ಬೇಕು. ಹೊಗೆ ತಗ್ಗಿಸಲು ಅಷ್ಟು ಸಮಯವಿಲ್ಲ. ಇದೇ ಹೊತ್ತಿನಲ್ಲಿ, 2024ರಲ್ಲಿ, ನೆರೆಯ ಆಂಧ್ರದ ಮುಖ್ಯಮಂತ್ರಿ ಹೆಚ್ಚು ಮಕ್ಕಳನ್ನು ಹೆರಿ ಎಂದು ಕರೆ ಕೊಟ್ಟಿದ್ದಾರೆ.

ಇನ್ನೊಂದು ಕಾರಣಕ್ಕೂ ಜನಸಂಖ್ಯೆಯನ್ನು ದೂರುವ ಮಾತು ನನ್ನನ್ನು ಚುಚ್ಚುತ್ತದೆ. ಅದರ ಭಾರ ಕೊನೆಗೆ ಬೀಳುವುದು ಬಡವರ ಮೇಲೆ, ಅದರಲ್ಲೂ ಹೆಂಗಸರ ಮೈಮೇಲೆ. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆದಿತ್ತು. ಆಯ್ಕೆ ಕೊಟ್ಟ ಆ ದಾರಿ ಒಳ್ಳೆಯದು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಎಷ್ಟೋ ಕಡೆ ಬಲವಂತದಿಂದ. ಇವತ್ತಿಗೂ ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ 38ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡದ್ದು ಶೇ 0.3. ಹುಡುಗಿಯರ ಓದು, ತಡವಾದ ಮದುವೆ, ಹತ್ತಿರದಲ್ಲೊಂದು ಒಳ್ಳೆಯ ಆಸ್ಪತ್ರೆ ಇವು ಅವರ ಹಕ್ಕು ಎಂದೇ ಬೇಕು. ಹವಾಮಾನದ ಲೆಕ್ಕ ಸರಿದೂಗಿಸಲು ಅವರ ಗರ್ಭವನ್ನು ಬಳಸಿಕೊಳ್ಳುವುದು ಬೇಡ.

ಹಾಗಾದರೆ ಮಲೆನಾಡಿನವರು ಏನನ್ನು ಕೇಳಬೇಕು? ಕೇಳಬೇಕಾದ ಮೊದಲ ಪ್ರಶ್ನೆ ಎದುರಿಗೇ ಇದೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಆ ಪ್ರಸ್ತಾಪದ ಭೌತಶಾಸ್ತ್ರವನ್ನು ಒಮ್ಮೆ ನೋಡಿ. ಜಲಾಶಯದ ಪೂರ್ಣಮಟ್ಟ 1,819 ಅಡಿ, ಸುಮಾರು 555 ಮೀಟರ್. ಬೆಂಗಳೂರು ಇರುವುದು 900 ಮೀಟರಿಗೂ ಮೇಲೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು, ಕೊಳವೆ ಮತ್ತು ಪಂಪಿನ ನಷ್ಟವನ್ನೆಲ್ಲ ಬಿಟ್ಟರೂ, ಸುಮಾರು ಒಂದು ಯೂನಿಟ್ ಕರೆಂಟು ಬೇಕು. ಅದೇ ಸಾವಿರ ಲೀಟರ್ ಪಶ್ಚಿಮಕ್ಕೆ ಇಳಿದಿದ್ದರೆ ಹತ್ತಿರ ಹತ್ತಿರ ಅಷ್ಟೇ ಕರೆಂಟು ಕೊಡುತ್ತಿತ್ತು. ಬರಬೇಕಾದ ಯೂನಿಟ್ಟನ್ನೂ ಕಳೆದುಕೊಂಡು, ಕೈಯಿಂದ ಇನ್ನೊಂದನ್ನೂ ಸುರಿಯುವ ಯೋಜನೆಯಿದು. ಬೆಂಗಳೂರಿನ ಮೇಲೆ ವರ್ಷಕ್ಕೆ 900 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಆ ನೀರು ಎಲ್ಲಿ ಹೋಯಿತು, ಕೊಳವೆಗಳಲ್ಲಿ ಸೋರುವುದೆಷ್ಟು, ಈಜುಕೊಳಕ್ಕೂ ಹುಲ್ಲುಹಾಸಿಗೂ ಹೋಗುವುದೆಷ್ಟು ಎಂಬ ಲೆಕ್ಕ ಮೊದಲು ಮೇಜಿನ ಮೇಲೆ ಬರಲಿ. ಪಂಪ್ಡ್ ಸ್ಟೋರೇಜ್‌ಗೂ ಇದೇ ಮಾತು: ಸಂಜೆಯ ದೊಡ್ಡ ಬಳಕೆದಾರರಿಗೆ ಹೆಚ್ಚಿನ ದರ, ನಗರದ ಸಬ್‌ಸ್ಟೇಷನ್‌ಗಳಲ್ಲಿ ಬ್ಯಾಟರಿ, ಮಾಲ್‌ಗಳ ಚಾವಣಿಯ ಮೇಲೆ ಸೌರ ಫಲಕ ಇವನ್ನೆಲ್ಲ ಮಾಡಿ ಮುಗಿಸಿದ ಮೇಲೂ ಎಷ್ಟು ಮೆಗಾವ್ಯಾಟ್ ಕೊರತೆ ಉಳಿಯುತ್ತದೆ ಎಂಬ ಅಂಕಿಯನ್ನು ಕರ್ನಾಟಕ ವಿದ್ಯುತ್ ನಿಗಮ ಸಾರ್ವಜನಿಕವಾಗಿ ಕೊಡಲಿ. ಆ ಅಂಕಿ ಕೈಯಲ್ಲಿಲ್ಲದೆ ಶರಾವತಿ ಕಣಿವೆಯ ಒಂದು ಮರಕ್ಕೂ ಗುರುತು ಹಾಕಬಾರದು.